ಬಿಸಿಲು, ದೂಳು, ಬ್ಯಾಟರಿ: ಕೊಪ್ಪಳ ಸೀಮೆಯಲ್ಲಿ ಮೊಬೈಲಿನ ಆಯುಷ್ಯ

ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳು ಮಣ್ಣು, ನೀರು, ಕಸುಬುಗಳ ವಿಷಯದಲ್ಲಿ ಒಂದರಂತೆ ಒಂದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿ, ಎರೆಹೊಲಗಳಲ್ಲಿ ಹಿಂಗಾರಿ ಜೋಳ ಮತ್ತು ಕಡಲೆಯನ್ನು ನಂಬಿದ ಯಲಬುರ್ಗಾ, ಮಳೆ ಕೈಕೊಟ್ಟ ವರ್ಷ ಮಂಗಳೂರು, ಬೆಂಗಳೂರು, ಗೋವಾಗಳತ್ತ ಗುಳೆ ಹೋಗುವ ಕುಷ್ಟಗಿ, ಕಬ್ಬಿಣದ ಕಾರ್ಖಾನೆಗಳ ಸಾಲನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ಕೊಪ್ಪಳ, ಇವೆಲ್ಲವೂ ಒಂದು ವಿಷಯದಲ್ಲಿ ಮಾತ್ರ ಸಮಾನವಾಗಿವೆ: ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸುದ್ದಿಯಲ್ಲ. ಮಾರುಕಟ್ಟೆಯಲ್ಲಿರುವ ಬಹುಪಾಲು ಸ್ಮಾರ್ಟ್‌ಫೋನುಗಳ ಕೈಪಿಡಿಗಳಾದರೋ, ಫೋನನ್ನು 0ಯಿಂದ 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಬೇಕೆಂದು ಸೂಚಿಸುತ್ತವೆ. ಕೈಪಿಡಿಯನ್ನು ಯಾರೂ ಓದುವುದಿಲ್ಲ ಎಂಬುದು ಬೇರೆ ಮಾತು. ಓದಿದರೂ ವರ್ಷದ ಎರಡು–ಮೂರು ತಿಂಗಳು ಹಗಲು ಹೊತ್ತಿನಲ್ಲಿ ಆ ಸೂಚನೆಯನ್ನು ಪಾಲಿಸುವುದು ಈ ಸೀಮೆಯವರಿಗೆ ಸಾಧ್ಯವಿಲ್ಲ.

ಹೊಸ ಫೋನು ಕೊಂಡವರು ಅಂಗಡಿಯಿಂದ ಹೊರಬೀಳುವ ಮೊದಲೇ ಟೆಂಪರ್ಡ್ ಗ್ಲಾಸ್ ಅಂಟಿಸಿಕೊಳ್ಳುತ್ತಾರೆ, ದಪ್ಪನೆಯ ಬ್ಯಾಕ್ ಕವರ್ ಹಾಕಿಸಿಕೊಳ್ಳುತ್ತಾರೆ. ಫೋನು ಕೈಜಾರಿ ಬಿದ್ದು ಒಡೆಯುವುದೇ ಅದರ ಅಂತ್ಯ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ರಿಪೇರಿ ಅಂಗಡಿಯ ಮುಂದೆ ಕೇಳಿಬರುವ ದೂರುಗಳಲ್ಲಿ ಒಡೆದ ಡಿಸ್‌ಪ್ಲೇಯಷ್ಟೇ ಸಾಮಾನ್ಯವಾದದ್ದು ‘ಚಾರ್ಜ್ ನಿಲ್ಲೋದಿಲ್ಲ’ ಎಂಬುದು. ಬಿದ್ದು ಒಡೆಯುವುದು ಒಂದು ಕ್ಷಣದ ಅಪಘಾತ; ಬಿಸಿಲಿನಲ್ಲಿ ಬ್ಯಾಟರಿ ಸವೆಯುವುದು ದಿನವೂ ನಡೆಯುವ, ಕಣ್ಣಿಗೆ ಕಾಣದ ಕ್ರಿಯೆ. ರಕ್ಷಣೆಯ ಹೆಸರಿನಲ್ಲಿ ಖರ್ಚಾಗುವ ಹಣವೆಲ್ಲ ಮೊದಲನೆಯದಕ್ಕೆ ಹೋಗುತ್ತದೆ, ಎರಡನೆಯದರ ಬಗ್ಗೆ ಯಾರೂ ವಿಚಾರಿಸುವುದೇ ಇಲ್ಲ.

ಇಂದಿನ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಜಪಾನಿನ ಸೋನಿ ಸಂಸ್ಥೆ 1991ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದಕ್ಕೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಇದರೊಳಗೆ ಎರಡು ತೆಳುವಾದ ಹಾಳೆಗಳಿರುತ್ತವೆ. ಸಾಮಾನ್ಯವಾಗಿ ಕೋಬಾಲ್ಟ್‌ನಂಥ ಲೋಹದ ಆಕ್ಸೈಡಿನಿಂದಾದದ್ದು ಧನಧ್ರುವ, ಗ್ರಾಫೈಟಿನಿಂದಾದದ್ದು ಋಣಧ್ರುವ. ಇವೆರಡರ ನಡುವೆ ವಿದ್ಯುದ್ವಿಭಾಜ್ಯ ಎಂಬ ದ್ರಾವಣವಿರುತ್ತದೆ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಈ ದ್ರಾವಣವನ್ನು ಹಾದು ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ. ಫೋನು ಬಳಸುವಾಗ ಮರಳಿ ಧನಧ್ರುವಕ್ಕೆ ಬರುತ್ತವೆ. 5,000 ಎಂಎಎಚ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ಶಕ್ತಿ ಸುಮಾರು 19 ವಾಟ್‌–ಗಂಟೆ, ಅಂದರೆ 9 ವಾಟಿನ ಎಲ್‌ಇಡಿ ಬಲ್ಬನ್ನು ಎರಡು ಗಂಟೆ ಉರಿಸುವಷ್ಟು ಮಾತ್ರ.

ಅಯಾನುಗಳ ಈ ಓಡಾಟ ಪೂರ್ತಿ ನಷ್ಟವಿಲ್ಲದೆ ನಡೆಯುವುದಿಲ್ಲ. ಗ್ರಾಫೈಟಿನ ಮೈಮೇಲೆ ದ್ರಾವಣವು ಒಡೆದು ತೆಳ್ಳನೆಯ ಪೊರೆಯೊಂದು ಕಟ್ಟುತ್ತದೆ. ಮೊದಲಿಗೆ ಈ ಪೊರೆ ಬ್ಯಾಟರಿಯನ್ನು ಕಾಪಾಡುತ್ತದೆಯಾದರೂ ಕ್ರಮೇಣ ದಪ್ಪವಾಗುತ್ತ, ಒಂದಷ್ಟು ಲಿಥಿಯಮನ್ನು ಶಾಶ್ವತವಾಗಿ ನುಂಗಿಹಾಕುತ್ತದೆ. ಶಾಖ ಹೆಚ್ಚಿದಷ್ಟೂ ಈ ಉಪಕ್ರಿಯೆ ಚುರುಕಾಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೆ ಅದರ ಧಾರಣಶಕ್ತಿಯಲ್ಲಿ ಸುಮಾರು ಶೇ 80ರಷ್ಟು ಪಾಲು ಉಳಿಯುತ್ತದೆ, 40 ಡಿಗ್ರಿಯಲ್ಲಿ ಇಟ್ಟರೆ ಉಳಿಯುವುದು ಸುಮಾರು ಶೇ 65ರಷ್ಟು ಮಾತ್ರ ಎಂಬುದು ಬ್ಯಾಟರಿ ತಂತ್ರಜ್ಞರು ಸಾಮಾನ್ಯವಾಗಿ ಕೊಡುವ ಅಂದಾಜು. ಅದೇ 40 ಡಿಗ್ರಿಯಲ್ಲಿ ಶೇ 40ರಷ್ಟು ಮಾತ್ರ ಚಾರ್ಜ್ ಮಾಡಿಟ್ಟಿದ್ದರೆ ಸುಮಾರು ಶೇ 85ರಷ್ಟು ಉಳಿಯುತ್ತದೆ. ಈ ಅಂಕಿಗಳು ಒಟ್ಟಿಗೆ ಹೇಳುವುದಿಷ್ಟು: ಬಿಸಿ ಕೆಟ್ಟದ್ದು, ತುಂಬಿದ ಚಾರ್ಜು ಮತ್ತು ಬಿಸಿ ಎರಡೂ ಜೊತೆಯಾಗುವುದು ಇನ್ನೂ ಕೆಟ್ಟದ್ದು. ರಾತ್ರಿಯೆಲ್ಲ ಚಾರ್ಜಿಗಿಟ್ಟು ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡ ಫೋನನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೋ ಬೈಕಿನ ಹ್ಯಾಂಡಲಿಗೆ ಕಟ್ಟಿದ ಸ್ಟ್ಯಾಂಡಿನಲ್ಲೋ ಮಧ್ಯಾಹ್ನದವರೆಗೆ ಬಿಸಿಲಿಗೊಡ್ಡುವುದು ಈ ಎರಡನ್ನೂ ಒಟ್ಟುಗೂಡಿಸುವ ಅಭ್ಯಾಸ.

ಬಿಸಿಲಿನಲ್ಲಿ ಫೋನು ಬಳಸುವುದು ಚಟವಲ್ಲ, ಕೆಲಸವೇ ಹಾಗಿದೆ ಎಂಬುದನ್ನೂ ಮರೆಯುವಂತಿಲ್ಲ. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ಎನ್‌ಎಂಎಂಎಸ್ ಎಂಬ ಆ್ಯಪಿನ ಮೂಲಕ ಹಾಜರಾತಿ ಹಾಕುವುದು ಕಡ್ಡಾಯವಾಯಿತು. ಕೂಲಿಕಾರರ ಗುಂಪಿನ ಮುಂದಾಳಾದ ಕಾಯಕ ಬಂಧು ದಿನಕ್ಕೆ ಎರಡು ಬಾರಿ ಕೆಲಸದ ಜಾಗದಲ್ಲೇ ನಿಂತು ಚಿತ್ರ ತೆಗೆದು ಕಳಿಸಬೇಕಾಯಿತು. ಕೆರೆ ಹೂಳೆತ್ತುವಂಥ ಕೆಲಸ ಜೋರಾಗಿ ನಡೆಯುವುದೇ ಬೇಸಿಗೆಯಲ್ಲಿ. ನೆರಳಿಲ್ಲದ ಕೆರೆಯಂಗಳದಲ್ಲಿ ಪರದೆ ಕಾಣಬೇಕಾದರೆ ಅದರ ಬೆಳಕನ್ನು ತುದಿಮಟ್ಟಕ್ಕೆ ಏರಿಸಬೇಕು. ಕ್ಯಾಮೆರಾ ಮತ್ತು ಜಾಗ ಗುರುತಿಸುವ ಜಿಪಿಎಸ್ ಎರಡೂ ಒಟ್ಟಿಗೆ ತೆರೆದಿರಬೇಕು. ಊರಿನಾಚೆ ಸಿಗ್ನಲ್ ಕ್ಷೀಣವಾಗಿದ್ದರೆ ಫೋನು ದೂರದ ಟವರನ್ನು ಮುಟ್ಟಲು ತನ್ನ ಪ್ರಸಾರಶಕ್ತಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಫೋನಿನೊಳಗೆ ಹೆಚ್ಚು ವಿದ್ಯುತ್ ತಿಂದು ಶಾಖ ಉಗುಳುವ ಭಾಗಗಳಲ್ಲಿ ಇವೂ ಸೇರಿವೆ, ಮತ್ತು ಇವೆಲ್ಲ ಸೂರ್ಯನ ಶಾಖದೊಂದಿಗೆ ಏಕಕಾಲಕ್ಕೆ ಸೇರಿಕೊಳ್ಳುತ್ತವೆ. ಚಿತ್ರ ಅಪ್‌ಲೋಡ್ ಆಗದೆ ಸುತ್ತುತ್ತಿರುವಾಗಲೇ ಪರದೆ ತಾನಾಗಿ ಮಬ್ಬಾಗುವುದು ಅಥವಾ ‘ಫೋನ್ ತಣ್ಣಗಾಗಲಿ’ ಎಂಬ ಸೂಚನೆ ಬರುವುದು ಕೆಟ್ಟ ಸೆಟ್ಟಿನ ಲಕ್ಷಣವಲ್ಲ. ಒಳಗಿನ ಉಷ್ಣ ಸಂವೇದಕವು ಬ್ಯಾಟರಿಯನ್ನು ಉಳಿಸಿಕೊಳ್ಳಲು ಮಾಡುವ ಪ್ರಯತ್ನವದು. ರೈತರು ತಮ್ಮ ಹೊಲದಲ್ಲಿ ನಿಂತು ಬೆಳೆಯ ಚಿತ್ರ ಸೇರಿಸುವ ಬೆಳೆ ಸಮೀಕ್ಷೆ ಆ್ಯಪಿನ ಕಥೆಯೂ ಹೆಚ್ಚುಕಡಿಮೆ ಇದೇ. ಇಂಥ ಆ್ಯಪುಗಳನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ರೂಪಿಸುವವರು ಮೇ ತಿಂಗಳ ಕುಷ್ಟಗಿಯಲ್ಲಿ ಒಂದು ದಿನ ಅವನ್ನು ಬಳಸಿ ನೋಡಿದ್ದರೆ ಚೆನ್ನಾಗಿತ್ತು.

ಇಲ್ಲಿ ರಕ್ಷಣೆಯೇ ಹೊರೆಯಾಗುವ ವಿಚಿತ್ರವೂ ಇದೆ. ಫೋನಿನಲ್ಲಿ ಫ್ಯಾನ್ ಇಲ್ಲ. ಒಳಗಿನ ಶಾಖವೆಲ್ಲ ಹಿಂಬದಿಯ ಹಲಗೆ ಮತ್ತು ಪರದೆಯ ಮೂಲಕವೇ ಹೊರಹೋಗಬೇಕು. ದಪ್ಪ ರಬ್ಬರಿನ ಅಥವಾ ಚರ್ಮದ ಕವರು ಹಾಕಿ ವೇಗದ ಚಾರ್ಜರಿಗೆ ಸಿಕ್ಕಿಸುವುದೆಂದರೆ ಜ್ವರ ಬಂದವರ ಮೇಲೆ ಕೌದಿ ಹೊದಿಸಿದ ಹಾಗೆ. ಬೀಳುವಾಗ ಕಾಪಾಡುವುದು ಕವರಿನ ದಪ್ಪಕ್ಕಿಂತ ಹೆಚ್ಚಾಗಿ ಪರದೆಯ ಮಟ್ಟಕ್ಕಿಂತ ತುಸು ಮೇಲೆದ್ದ ಅದರ ಅಂಚು ಮತ್ತು ನಾಲ್ಕು ಮೂಲೆಗಳ ಮೆತ್ತೆ. ಹಿಂಬದಿ ತೆಳುವಾಗಿದ್ದರೂ ನಡೆಯುತ್ತದೆ. ಚಾರ್ಜ್ ಮಾಡುವಾಗ ಕವರು ತೆಗೆಯುವುದು, ದಿಂಬಿನ ಕೆಳಗೆ ಇಡದಿರುವುದು, ಸಾಧ್ಯವಿದ್ದರೆ ಬೆಳಗಿನ ತಂಪು ಹೊತ್ತಿನಲ್ಲಿ ಚಾರ್ಜ್ ಮಾಡುವುದು, ಈ ಮೂರಕ್ಕೂ ಖರ್ಚಿಲ್ಲ. ಈಚಿನ ಹಲವು ಫೋನುಗಳ ಬ್ಯಾಟರಿ ಸೆಟ್ಟಿಂಗಿನಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇರುತ್ತದೆ. ಇಡೀ ದಿನ ಹೊಲದಲ್ಲಿ ಕಳೆಯುವವರಿಗೆ ಅದು ಹೊಂದದಿರಬಹುದು, ಅಂಗಡಿ ಅಥವಾ ಕಚೇರಿಯಲ್ಲಿ ಕೂರುವವರಿಗೆ ಖಂಡಿತ ಹೊಂದುತ್ತದೆ.

ಗಾಜಿನ ವಿಷಯಕ್ಕೆ ಬಂದರೆ, ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಗೊರಿಲ್ಲಾ ಗ್ಲಾಸ್ ಮೊದಲಾದ ಫೋನ್ ಗಾಜುಗಳನ್ನು ಸುಮಾರು 400 ಡಿಗ್ರಿ ಬಿಸಿಯಲ್ಲಿ ಕರಗಿದ ಪೊಟ್ಯಾಸಿಯಂ ಲವಣದ ದ್ರವದಲ್ಲಿ ಅದ್ದಿ ತೆಗೆಯುತ್ತಾರೆ. ಗಾಜಿನ ಮೇಲ್ಪದರದ ಸಣ್ಣ ಸೋಡಿಯಂ ಕಣಗಳ ಜಾಗವನ್ನು ದೊಡ್ಡ ಪೊಟ್ಯಾಸಿಯಂ ಕಣಗಳು ಆಕ್ರಮಿಸಿಕೊಂಡು ಪದರವನ್ನು ಬಿಗಿಯಾಗಿ ಒತ್ತಿಹಿಡಿಯುವುದರಿಂದ ಗಾಜು ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಆದರೆ ಒಡೆಯದಿರುವುದು ಬೇರೆ, ಗೀರು ಬೀಳದಿರುವುದು ಬೇರೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಇಂಥ ಗಾಜಿಗೆ 6ರ ಹಂತದಲ್ಲಿ ಗೀರು ಬೀಳತೊಡಗಿ 7ರಲ್ಲಿ ಆಳವಾಗುತ್ತದೆ. ಬೆಣಚುಕಲ್ಲಿನ, ಎಂದರೆ ಕ್ವಾರ್ಟ್ಜಿನ ಗಡಸುತನ ನೇರವಾಗಿ 7. ಆನೆಗೊಂದಿ ಮತ್ತು ಅಂಜನಾದ್ರಿಯ ಸುತ್ತಲಿನ ಬಂಡೆರಾಶಿಗಳೂ ಕುಷ್ಟಗಿ ಭಾಗದಲ್ಲಿ ಗಣಿಗಾರಿಕೆಗೊಳಗಾಗಿರುವ ಕೆಂಪು ಗ್ರಾನೈಟೂ ಸವೆದು ಉದುರಿಸುವ ಮರಳಿನಲ್ಲಿ ಈ ಬೆಣಚು ಧಾರಾಳವಾಗಿದೆ. ಕೀಲಿಕೈ ಅಥವಾ ನಾಣ್ಯದಿಂದ ಗೀರು ಬೀಳುತ್ತದೆಂಬ ಭಯ ಬಹುಮಟ್ಟಿಗೆ ಹುಸಿ. ಜೇಬಿನ ಮೂಲೆಯಲ್ಲಿ ಕೂತ ಮರಳೇ ನಿಜವಾದ ಶತ್ರು. ಅಂಗಡಿಯಲ್ಲಿ ಮಾರುವ ಟೆಂಪರ್ಡ್ ಗ್ಲಾಸಿನ ಮೇಲಿರುವ ‘9 ಎಚ್’ ಎಂಬ ಬರಹ ಮೋಸ್ ಮಾಪಕದ್ದಲ್ಲ, ಬಣ್ಣದ ಲೇಪಗಳನ್ನು ಪರೀಕ್ಷಿಸುವ ಪೆನ್ಸಿಲ್ ಗಡಸುತನದ್ದು. ವಜ್ರಕ್ಕೆ ಸಮೀಪವೆಂದು ಅದನ್ನು ತಿಳಿದರೆ ತಪ್ಪಾಗುತ್ತದೆ. ಆದರೂ ಆ ಗಾಜು ಗೀರನ್ನು ತಾನು ತಿಂದು ಒಳಗಿನದನ್ನು ಉಳಿಸುತ್ತದಾದ್ದರಿಂದ ಅದಕ್ಕೆ ಕೊಟ್ಟ ಹಣ ದಂಡವಲ್ಲ.

ಕೊಪ್ಪಳದ ಕಬ್ಬಿಣದ ಕಾರ್ಖಾನೆಗಳಿರುವ ಗಿಣಿಗೇರಾ, ಹಿರೇಬಗನಾಳ ಸುತ್ತಲಿನ ದೂಳಿನ ಸ್ವಭಾವ ಬೇರೆ. ಅಲ್ಲಿ ತಯಾರಾಗುವ ಮೆದುಗಬ್ಬಿಣ, ಅಂದರೆ ಸ್ಪಾಂಜ್ ಐರನ್, ಅಯಸ್ಕಾಂತಕ್ಕೆ ಅಂಟುವ ವಸ್ತು. ಫೋನಿನ ಸ್ಪೀಕರಿನೊಳಗೆ ಬಲವಾದ ಪುಟ್ಟ ಅಯಸ್ಕಾಂತವಿದೆ. ಇಂಥ ಜಾಗದಲ್ಲಿ ಕೆಲಸ ಮಾಡುವವರ ಫೋನಿನ ಸ್ಪೀಕರ್ ಜಾಲರಿಯ ಮೇಲೆ ಕಪ್ಪು ಪುಡಿ ಕಟ್ಟಿಕೊಂಡು ದನಿ ಗೊಗ್ಗರಾಗುವುದಕ್ಕೆ ಇದೇ ಕಾರಣ. ಊದಿದರೆ ಪುಡಿ ಒಳಕ್ಕೆ ಹೋಗುತ್ತದೆ. ಅಂಟುವ ಟೇಪನ್ನು ಮೆಲ್ಲಗೆ ಒತ್ತಿ ಎಳೆದರೆ ಹೊರಕ್ಕೆ ಬರುತ್ತದೆ. ಚಾರ್ಜಿಂಗ್ ಕಿಂಡಿಯನ್ನು ಪಿನ್ನಿನಿಂದ ಕೆದಕದೆ, ಫೋನು ಬಂದ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನವಿರಾಗಿ ಸ್ವಚ್ಛಗೊಳಿಸಬೇಕು. ‘ಚಾರ್ಜರ್ ಕೂಡ್ತಿಲ್ಲ’ ಎಂದು ಹೊಸ ಕೇಬಲ್ ಕೊಂಡವರಲ್ಲಿ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಈ ಕಡ್ಡಿ ಮಾತ್ರ.

ನೀರಿನ ವಿಷಯದಲ್ಲಿ ಐಪಿ ಎಂಬ ಅಂತರರಾಷ್ಟ್ರೀಯ ಅಳತೆ ಇದೆ. ಅದರ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ: ಐಪಿ 54 ಎಂದರೆ ಸಿಡಿಯುವ ಹನಿಯನ್ನು ತಡೆದೀತು, ಐಪಿ 67 ಎಂದರೆ ದೂಳು ಹೊಗದು ಮತ್ತು 1 ಮೀಟರ್ ಆಳದಲ್ಲಿ 30 ನಿಮಿಷ ನಿಂತೀತು. ಈ ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ, ಹೊಸ ಫೋನಿನ ಮೇಲೆ. ಗದ್ದೆಯ ಗೊಬ್ಬರದ ನೀರು, ಸಿಂಪಡಣೆಯ ಔಷಧ, ಸಾಬೂನು ನೀರುಗಳಿಗೆ ಅದು ಅನ್ವಯಿಸುವುದಿಲ್ಲ, ವರ್ಷಗಳು ಕಳೆದಂತೆ ಒಳಗಿನ ಅಂಟೂ ಸಡಿಲವಾಗುತ್ತದೆ. ನೀರಿಗೆ ಬಿದ್ದ ಫೋನನ್ನು ಅಕ್ಕಿಯೊಳಗೆ ಹೂತಿಡುವ ಉಪಾಯ ಭತ್ತದ ಕಣಜವೆನಿಸಿದ ಗಂಗಾವತಿಯಲ್ಲಿ ಯಾರಿಗಾದರೂ ಸಹಜವಾಗಿಯೇ ಹೊಳೆಯುತ್ತದೆ. ಆದರೆ ಅಕ್ಕಿಯ ಸಣ್ಣ ನುಚ್ಚು ಕಿಂಡಿಗಳೊಳಗೆ ಸೇರಿ ಹಾನಿ ಮಾಡಬಹುದೆಂದು ಆ್ಯಪಲ್ ಸಂಸ್ಥೆ 2024ರಲ್ಲಿ ತನ್ನ ಬಳಕೆದಾರರಿಗೆ ಇದನ್ನು ಮಾಡಬೇಡಿರೆಂದೇ ತಿಳಿಸಿತು. ಕೂಡಲೇ ಫೋನು ಬಂದ್ ಮಾಡಿ, ಕಿಂಡಿ ಕೆಳಮುಖವಾಗಿರುವಂತೆ ಹಿಡಿದು ನೀರಿಳಿಸಿ, ಗಾಳಿಯಾಡುವ ನೆರಳಿನಲ್ಲಿಟ್ಟು, ಒಣಗುವವರೆಗೂ ಚಾರ್ಜಿಗೆ ಹಾಕದಿರುವುದು ಸರಿಯಾದ ದಾರಿ. ಒದ್ದೆಯಾದ ತಾಮ್ರದ ತಂತುಗಳಲ್ಲಿ ವಿದ್ಯುತ್ ಹರಿದರೆ ಅವು ಬೇಗ ಕಿಲುಬು ಹಿಡಿಯುತ್ತವೆ. ಬಿದ್ದ ಗಳಿಗೆಗಿಂತ ಆಮೇಲಿನ ಆತುರವೇ ಹೆಚ್ಚು ಫೋನುಗಳನ್ನು ಕೊಲ್ಲುತ್ತದೆ.

ಬಾಳಿಕೆಯ ಕೊನೆಯ ಲೆಕ್ಕ ಬ್ಯಾಟರಿಗೇ ಮರಳುತ್ತದೆ. ಅದರ ಆಯುಷ್ಯವನ್ನು ಚಾರ್ಜ್ ಚಕ್ರಗಳಲ್ಲಿ ಅಳೆಯುತ್ತಾರೆ. ಇಂದು ಅರ್ಧ, ನಾಳೆ ಅರ್ಧ ತುಂಬಿಸಿದರೆ ಒಂದು ಚಕ್ರ. ಹಿಂದೆ 500 ಚಕ್ರಗಳ ನಂತರ ಶೇ 80ರಷ್ಟು ಧಾರಣಶಕ್ತಿ ಉಳಿದರೆ ಸಾಕೆಂಬ ಲೆಕ್ಕವಿತ್ತು. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮ ಇದನ್ನು ಕನಿಷ್ಠ 800 ಚಕ್ರಗಳಿಗೆ ಏರಿಸಿದ್ದಲ್ಲದೆ, ಮಾದರಿಯೊಂದರ ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗ ಒದಗಿಸಬೇಕೆಂದು ವಿಧಿಸಿತು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣ ತೆರೆಯಿತು, ಫೋನುಗಳಿಗೆ ದುರಸ್ತಿಯೋಗ್ಯತೆಯ ಅಂಕ ಕೊಡುವ ಬಗ್ಗೆ ನೇಮಿಸಿದ್ದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಮಾರಾಟಗಾರರೊಡನೆ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬ್ಯಾಟರಿ ಬದಲಿಸುವಾಗ ಅಗ್ಗದ ನಕಲಿಗೆ ಮರುಳಾಗಬಾರದು. ಲಿಥಿಯಂ ಬ್ಯಾಟರಿಗಳಿಗೆ ಐಎಸ್ 16046 ಎಂಬ ಭಾರತೀಯ ಮಾನಕವಿದೆ, ಚಾರ್ಜರುಗಳಿಗೂ ಪ್ರತ್ಯೇಕ ಮಾನಕವಿದೆ. ಅವುಗಳ ಮೇಲಿರುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ಅದು ಅಸಲಿಯೋ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಹಿಂಬದಿ ಉಬ್ಬಿದ ಫೋನನ್ನು ಒತ್ತಿ ಸರಿಮಾಡಲು ಹೋಗಬಾರದು, ಚಾರ್ಜಿಗೂ ಹಾಕಬಾರದು. ಒಳಗಿನ ದ್ರಾವಣ ಒಡೆದು ಅನಿಲವಾಗಿರುವುದರ ಗುರುತು ಅದು, ಚುಚ್ಚಿದರೆ ಬೆಂಕಿ ಹತ್ತಬಹುದು. ತೆಗೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಅಂಗಡಿಗೇ ಒಪ್ಪಿಸಬೇಕು. ಇನ್ನು, ಎರಡು–ಮೂರು ವರ್ಷದ ಫೋನು ಮಧ್ಯಾಹ್ನಕ್ಕೇ ಸುಸ್ತಾಗುತ್ತಿದೆಯೆಂದು ಕಂತಿನಲ್ಲಿ ಹೊಸದನ್ನು ಕೊಳ್ಳಲು ಹೊರಟವರು, ಪರದೆ ಸರಿಯಿದ್ದು ಕಂಪನಿಯ ಅಪ್‌ಡೇಟ್ ಇನ್ನೂ ಬರುತ್ತಿದ್ದರೆ, ಮೊದಲು ಅದರ ಬ್ಯಾಟರಿಯೊಂದನ್ನು ಬದಲಿಸಿ ನೋಡಲಿ. ಹೊಸ ಫೋನು ಕೊಳ್ಳಲೇಬೇಕಾದವರು ಕವರಿನ ಬಣ್ಣ ಆರಿಸುವ ಮೊದಲು ಅದರ ಬ್ಯಾಟರಿಗೆ ಎಷ್ಟು ಬೆಲೆ, ಬದಲಿಸಿಕೊಡುವ ಅಧಿಕೃತ ಸೇವಾ ಕೇಂದ್ರ ಹತ್ತಿರ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಲಿ.