ಹಳೆಯ ಕಂಪ್ಯೂಟರ್ ಮಾರುವ ಮುನ್ನ

ವರಾಛಾದ ನಮ್ಮ ಹೋಟೆಲಿನ ಗಲ್ಲಾದ ಬಳಿಯಿದ್ದ ಹಳೆಯ ಕಂಪ್ಯೂಟರನ್ನು ಕೆಲವು ವರ್ಷಗಳ ಹಿಂದೆ ಮಾರಿದೆವು. ಮಾರುವ ಮುನ್ನ ‘ಫಾರ್ಮ್ಯಾಟ್’ ಮಾಡಿಸಿಯೇ ಇದ್ದೆವು. ಆದರೂ ಕೊಂಡವರು ಹದಿನೈದು ದಿನಗಳ ತರುವಾಯ ಬಂದು, ನಮ್ಮ ಹುಡುಗರ ಆಧಾರ್ ಪ್ರತಿಗಳೂ ಸಂಬಳದ ಪಟ್ಟಿಯೂ ಅದರಲ್ಲಿ ದೊರೆತವೆಂದು ತಿಳಿಸಿದರು. ಅವರು ಸಜ್ಜನರಾದುದರಿಂದ ನಮ್ಮ ಮಾನ ಉಳಿಯಿತು. ಅಳಿಸಿದುದು ಅಳಿಯದೆ ಉಳಿದುದು ಹೇಗೆ? ವಿಚಾರಿಸಿ ತಿಳಿದುದನ್ನು ವಾಚಕ ಬಾಂಧವರ ಮುಂದಿಡುತ್ತಿದ್ದೇವೆ.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳಿರುತ್ತವೆ. ನಮ್ಮ ನೆರೆಯ ಕಾರಖಾನೆಗಳಲ್ಲಿ ವಜ್ರ ಉಜ್ಜುವ ಚಕ್ರದಂತೆ ಅವೂ ಸುತ್ತುತ್ತವೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು. 1956ರಲ್ಲಿ ಐಬಿಎಂ ಕಂಪನಿಯು ಹೊರತಂದ ಮೊದಲ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದರೂ ಅದು ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು ಮಾತ್ರ.

ಬರಿಯ ತಟ್ಟೆಯ ಮೇಲೆ ಬರೆಯಲಾಗದು. ಹೊಸ ಕಿರ್ದಿ ಪುಸ್ತಕಕ್ಕೆ ಗೆರೆ ಎಳೆದು ಪುಟಸಂಖ್ಯೆ ಹಾಕುವಂತೆ, ತಟ್ಟೆಯನ್ನು ಟ್ರ್ಯಾಕ್ ಎಂಬ ವೃತ್ತಗಳಾಗಿಯೂ ಸೆಕ್ಟರ್ ಎಂಬ ತುಂಡುಗಳಾಗಿಯೂ ವಿಂಗಡಿಸಿ ಗುರುತು ಹಾಕಬೇಕು. ಇದೇ ಲೋ-ಲೆವೆಲ್ ಫಾರ್ಮ್ಯಾಟ್. 1980ರ ದಶಕದಲ್ಲಿ ಇದನ್ನು ಕಂಪ್ಯೂಟರ್ ಜೋಡಿಸುವವರೇ ಮಾಡುತ್ತಿದ್ದರು. ಈಗ ಅದು ಡಿಸ್ಕ್ ತಯಾರಾಗುವ ಕಾರಖಾನೆಯಲ್ಲಿಯೇ ಮುಗಿಯುತ್ತದೆ. ಅಂಗಡಿಯಲ್ಲಿ ಪುನಃ ಮಾಡಲು ಬಾರದು. ಆದುದರಿಂದ ‘ಲೋ-ಲೆವೆಲ್ ಮಾಡಿ ಕೆಟ್ಟ ಡಿಸ್ಕನ್ನು ಹೊಸದು ಮಾಡಿಕೊಡುವೆವು’ ಎಂಬ ಮಾತಿಗೆ ಮರುಳಾಗಬೇಡಿರಿ. ಇಂದು ಆ ಹೆಸರಿನಿಂದ ನಡೆಯುವುದು ಡಿಸ್ಕಿನ ತುಂಬ ಸೊನ್ನೆ ಬರೆಯುವ ಕೆಲಸ ಮಾತ್ರ. ಸವೆದ ಯಂತ್ರ ಅದರಿಂದ ಸರಿಯಾಗದು.

ಹಾಗಾದರೆ ನಮ್ಮ ಡಿಸ್ಕಿಗೆ ಆದುದೇನು? ‘ಕ್ವಿಕ್ ಫಾರ್ಮ್ಯಾಟ್’. ಅದು ಪುಸ್ತಕದ ಅನುಕ್ರಮಣಿಕೆಯನ್ನು ಹರಿದು ಹಾಕಿದಂತೆ. ಒಳಗಿನ ಪುಟಗಳೆಲ್ಲ ಹಾಗೆಯೇ ಇರುತ್ತವೆ. ಹುಡುಕಬಲ್ಲವನು ಓದಿಯೇ ಓದುವನು.

ಪರಿಹಾರ ಕಠಿನವಲ್ಲ. ಬೇಕಾದ ಲೆಕ್ಕಪತ್ರಗಳನ್ನು ಮೊದಲು ಬೇರೆಡೆ ಪ್ರತಿ ಮಾಡಿಟ್ಟುಕೊಳ್ಳಿರಿ. ಆಮೇಲೆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ‘ಕ್ವಿಕ್’ ಎಂಬುದರ ಮುಂದಿನ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿಸಿರಿ. ಡಿಸ್ಕಿನಲ್ಲಿ ಹಲವು ಭಾಗಗಳಿದ್ದರೆ ಒಂದನ್ನೂ ಬಿಡಬಾರದು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟಿನಲ್ಲಿ ಹಳೆಯ ಬರಹದ ಮೇಲೆ ಸೊನ್ನೆ ಬೀಳುತ್ತದೆ. ದೊಡ್ಡ ಡಿಸ್ಕಿಗೆ ಕೆಲವು ಗಂಟೆಗಳೇ ಹಿಡಿಯುವುವು. ಐದು ನಿಮಿಷದಲ್ಲಿ ಮುಗಿಯಿತೆಂದರೆ ಕೆಲಸ ಆಗಿಲ್ಲವೆಂದೇ ತಿಳಿಯಿರಿ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗೆ ಈ ಉಪಾಯ ಸಾಲದು. ಅದಕ್ಕೆ ತಯಾರಕರೇ ಒದಗಿಸುವ ಅಳಿಸುವ ಸಾಧನವನ್ನು ಬಳಸಬೇಕು. ಕೆಟ್ಟುನಿಂತ ಡಿಸ್ಕನ್ನಾದರೋ ಬಿಚ್ಚಿ ತಟ್ಟೆಯನ್ನೇ ಹಾಳುಗೆಡವಿ ಗುಜರಿಗೆ ಕೊಡತಕ್ಕದ್ದು.

ಕುಂದಾಪುರ, ಉಡುಪಿಗಳ ಕಡೆಯಿಂದ ಬಂದ ಹುಡುಗನು ತನ್ನ ಕಾಗದಪತ್ರಗಳನ್ನು ನಮ್ಮನ್ನು ನಂಬಿ ಕೊಡುತ್ತಾನೆ. ಅವನ್ನು ಕಾಯುವುದು ಗಲ್ಲಾದ ಹಣವನ್ನು ಕಾಯುವಷ್ಟೇ ನಮ್ಮ ಕರ್ತವ್ಯವಾಗಿದೆ.