ವೆಲ್ಲೆಸ್ಲಿ ಶ್ರೀರಂಗಪಟ್ಟಣದಲ್ಲಿ ಮಾಡಿದ್ದೇನು?

ಕರಿಘಟ್ಟದ ನೆತ್ತಿಯಲ್ಲಿ, ಶ್ರೀನಿವಾಸನ ಗುಡಿಯ ಬಳಿ ನಿಂತು ಪಶ್ಚಿಮಕ್ಕೆ ತಿರುಗಿದರೆ ಶ್ರೀರಂಗಪಟ್ಟಣದ ನಡುಗಡ್ಡೆ ಕಣ್ಣಿಗೆ ಬೀಳುತ್ತದೆ. ಬೆಟ್ಟ ಹತ್ತಿದವರ ಬಾಯಲ್ಲಿ ಒಂದು ಕಥೆಯೂ ಬರುತ್ತದೆ: ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ, ಬ್ರಿಟನ್ನಿನ ಪ್ರಧಾನಿಯೂ ಆದ ಆರ್ಥರ್ ವೆಲ್ಲೆಸ್ಲಿ ಟಿಪ್ಪುವಿನ ಕೋಟೆಯನ್ನು ಗೆದ್ದದ್ದು ಇಲ್ಲಿಂದಲೇ ಎಂದು.

ಇದರಲ್ಲಿ ಎರಡು ಯುದ್ಧಗಳು ಕಲೆಸಿಹೋಗಿವೆ. ಕರಿಘಟ್ಟಕ್ಕಾಗಿ ಹೋರಾಟ ನಡೆದದ್ದು 1792ರ ಫೆಬ್ರವರಿ 6ರ ರಾತ್ರಿ. ಆಗ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್. ವೆಲ್ಲೆಸ್ಲಿ ಕಲ್ಕತ್ತೆಗೆ ಬಂದಿಳಿದದ್ದೇ 1797ರಲ್ಲಿ. 1799ರ ಯುದ್ಧದಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಮಳವಳ್ಳಿಯ ಕಾಳಗದ ನಂತರ ಸೋಸಲೆಯಲ್ಲಿ ಕಾವೇರಿ ದಾಟಿ, ಕೋಟೆಯನ್ನು ಬಳಸಿಕೊಂಡು ಹೋಗಿ ಪಶ್ಚಿಮದಲ್ಲಿ ಬೀಡುಬಿಟ್ಟಿತು. ಕರಿಘಟ್ಟ ಇರುವುದು ಪೂರ್ವಕ್ಕೆ.

ಕೋಟೆ ಹೊಕ್ಕವನೂ ವೆಲ್ಲೆಸ್ಲಿಯಲ್ಲ. 1799ರ ಮೇ 4ರಂದು ನಡುಮಧ್ಯಾಹ್ನ ಮುನ್ನುಗ್ಗಿದ ಪಡೆಗೆ ನಾಯಕ ಡೇವಿಡ್ ಬೇರ್ಡ್. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ, 1784ರವರೆಗೆ ಇದೇ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದವನು ಆತ. ವೆಲ್ಲೆಸ್ಲಿ ಆ ಹೊತ್ತಿನಲ್ಲಿ ಮೀಸಲು ಪಡೆಯ ಜೊತೆ ಹಿಂದಿನ ಮೋರ್ಚೆಯಲ್ಲಿದ್ದ. ಟಿಪ್ಪು ಸುಲ್ತಾನ ಸತ್ತದ್ದು ಕೋಟೆಯೊಳಗಿನ ಬಾಗಿಲ ಬಳಿ, ದಾಳಿಯ ನೂಕುನುಗ್ಗಲಿನಲ್ಲಿ. ಟಿಪ್ಪುವನ್ನು ಕೊಂದವನು ವೆಲ್ಲೆಸ್ಲಿ ಎಂಬ ಮಾತಿಗೆ ಆಧಾರವೇ ಇಲ್ಲ.

ವೆಲ್ಲೆಸ್ಲಿ ಸೋಲನ್ನೇ ಕಾಣದ ಸೇನಾನಿ ಎಂಬ ಹೊಗಳಿಕೆಯಂತೂ ಇಂಗ್ಲೆಂಡಿನಿಂದಲೇ ಬಂದದ್ದು. ಅದನ್ನು ಒಪ್ಪುವ ಮುನ್ನ ಸುಲ್ತಾನ್‌ಪೇಟೆ ತೋಪಿನ ಸಂಗತಿ ಕೇಳಬೇಕು. ಏಪ್ರಿಲ್ 5ರ ರಾತ್ರಿ, ಕೋಟೆಯ ಹೊರಗಿನ ಆ ತೋಪಿನಲ್ಲಿದ್ದ ಮೈಸೂರಿನ ಸೈನಿಕರನ್ನು ಓಡಿಸುವ ಕೆಲಸ ಅವನ ಪಾಲಿಗೆ ಬಂತು. ಹಗಲಲ್ಲಿ ಜಾಗ ನೋಡಿಕೊಂಡಿರಲಿಲ್ಲ. ಮರಗಳ ದಟ್ಟಣೆ, ನಡುವೆ ನಾಲೆ, ಕಗ್ಗತ್ತಲು. ಒಳಗೆ ಕಾಲಿಟ್ಟೊಡನೆ ಗುಂಡು, ಬಾಣಗಳ ಮಳೆ. ಇಲ್ಲಿ ಬಾಣ ಎಂದರೆ ಬಿಲ್ಲಿನದಲ್ಲ, ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದ ಮೈಸೂರಿನ ರಾಕೆಟ್ಟು. ಪಡೆ ಚೆಲ್ಲಾಪಿಲ್ಲಿಯಾಯಿತು. ವೇಗ ಕಳೆದುಕೊಂಡಿದ್ದ ಗುಂಡೊಂದು ವೆಲ್ಲೆಸ್ಲಿಯ ಮಂಡಿಗೆ ತಾಗಿತು. ಅವನ 12 ಜನ ಸೆರೆಸಿಕ್ಕಿದರು, ಅವರು ಜೀವಂತ ಮರಳಲಿಲ್ಲ. ಆತ ತನ್ನವರಿಂದ ಬೇರೆಯಾಗಿ, ದಾರಿ ಹುಡುಕಾಡಿ, ಸರಿರಾತ್ರಿಯಲ್ಲಿ ಹ್ಯಾರಿಸ್‌ನ ಡೇರೆಗೆ ಹೋಗಿ ಕೆಲಸ ಕೆಟ್ಟಿತೆಂದು ವರದಿ ಒಪ್ಪಿಸಬೇಕಾಯಿತು. ಮರುದಿನ ಬೆಳಕಿನಲ್ಲಿ ಹೆಚ್ಚಿನ ಪಡೆಯೊಡನೆ ಹೋಗಿ ಅದೇ ತೋಪನ್ನು ಹಿಡಿದ. ಹಗಲಲ್ಲಿ ನೋಡದ ಠಾಣೆಯ ಮೇಲೆ ಇರುಳಲ್ಲಿ ಬೀಳುವುದಿಲ್ಲವೆಂದು ಅಣ್ಣನಿಗೆ ಪತ್ರವನ್ನೂ ಬರೆದ. ಈ ಅಪಜಯವನ್ನು ಮುಚ್ಚಿಟ್ಟು ಅವನ ಕಥೆ ಹೇಳುವುದು ಆ ಕತ್ತಲಲ್ಲಿ ತೋಪು ಕಾದ ಮೈಸೂರಿನ ಸೈನಿಕರಿಗೆ ಮಾಡುವ ಅನ್ಯಾಯ.

ಅಣ್ಣ ಎಂದೆನಲ್ಲ, ಅಲ್ಲೇ ಇನ್ನೊಂದು ಗೊಂದಲ. ಗವರ್ನರ್ ಜನರಲ್ ಆಗಿದ್ದವನು ಅಣ್ಣ ರಿಚರ್ಡ್ ವೆಲ್ಲೆಸ್ಲಿ. ಕಾವೇರಿಯ ಉತ್ತರ ಕವಲಿನ ಮೇಲೆ ಇಂದಿಗೂ ನಿಂತಿರುವ ವೆಲ್ಲೆಸ್ಲಿ ಸೇತುವೆಯ ಹೆಸರೂ ಅವನದೇ, ವಾಟರ್ಲೂ ವೀರನದಲ್ಲ. 1804ರಲ್ಲಿ ಮುಗಿದ ಅದನ್ನು ಕಟ್ಟಿಸಿದ್ದು ದಿವಾನ್ ಪೂರ್ಣಯ್ಯನವರು. ಕಮಾನಿಲ್ಲ, ಕಲ್ಲುಕಂಬಗಳ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ. ಎಷ್ಟೋ ಪ್ರವಾಹಗಳನ್ನು ತಡೆದುಕೊಂಡ ಆ ಕಲ್ಲುಗೆಲಸ ನಮ್ಮವರದು.

ಹಾಗಾದರೆ ತಮ್ಮ ಇಲ್ಲಿ ಮಾಡಿದ್ದೇನು? ಮೇ 5ರ ಬೆಳಿಗ್ಗೆ ಹ್ಯಾರಿಸ್ ಕೋಟೆಯ ಅಧಿಕಾರವನ್ನು ಬೇರ್ಡ್‌ನಿಂದ ತೆಗೆದು ಅವನಿಗೆ ಕೊಟ್ಟ. ಬೇರ್ಡ್ ಕೆರಳಿದ; ಅಣ್ಣನ ಪದವಿಯ ನೆರಳು ಆ ನೇಮಕದ ಮೇಲೆ ಬಿದ್ದಿರಲಿಲ್ಲ ಎಂದು ನಾನಂತೂ ಹೇಳಲಾರೆ. ಆದರೆ ರಾತ್ರಿಯಿಡೀ ಊರು ಲೂಟಿ ಮಾಡಿದ ತಮ್ಮದೇ ಸೈನಿಕರಲ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿ ಬೀಸಿಸಿ ಲೂಟಿ ನಿಲ್ಲಿಸಿದವನು ಆತನೇ. ಆಮೇಲೆ ವಾಸ ಟಿಪ್ಪುವಿನ ದರಿಯಾ ದೌಲತ್ ಅರಮನೆಯಲ್ಲಿ, ಪೊಲ್ಲಿಲೂರಿನಲ್ಲಿ ಇಂಗ್ಲಿಷರು ಸೋತ ಚಿತ್ರ ಬರೆದ ಗೋಡೆಗಳ ನಡುವೆ. ಆ ಚಿತ್ರಗಳನ್ನು ಅವನು ಅಳಿಸಲಿಲ್ಲ, ಜೀರ್ಣೋದ್ಧಾರ ಮಾಡಿಸಿದ.

1800ರಲ್ಲಿ ವೆಲ್ಲೆಸ್ಲಿ ಬಂಡುಕೋರ ಧೋಂಡಿಯಾ ವಾಘ್‌ನ ಬೆನ್ನಟ್ಟಿ ಹೋದಾಗ ಅವನ ದಂಡು ಹಸಿವಿನಿಂದ ನಿಲ್ಲಲಿಲ್ಲ. ಅಕ್ಕಿ ಹೊಂದಿಸಿದ್ದು ಪೂರ್ಣಯ್ಯನವರ ಆಡಳಿತ, ಫಿರಂಗಿ ಎಳೆದದ್ದು ಮೈಸೂರಿನ ಅಮೃತಮಹಲ್ ಎತ್ತುಗಳು. ಯುದ್ಧದಲ್ಲಿ ಮೊದಲು ನೋಡಬೇಕಾದದ್ದು ದವಸ, ಎತ್ತು, ಹೊಳೆ ದಾಟುವ ಹರಿಗೋಲು ಎಂಬ ಪಾಠ ಅವನಿಗೆ ಗಟ್ಟಿಯಾದದ್ದು ಇಲ್ಲಿ. ಸ್ಪೇನಿನ ಯುದ್ಧದಲ್ಲಿದ್ದಾಗಲೂ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಲುಬಿದ. 1805ರಲ್ಲಿ ಹೊರಡುವಾಗ ಪೂರ್ಣಯ್ಯನವರಿಗೆ ಗೌರವದಿಂದ ತನ್ನ ಚಿತ್ರಪಟ ಕೊಟ್ಟ.

ಕೊನೆಯದಾಗಿ, ವೀರನೊಬ್ಬ ಮುಪ್ಪಿನಲ್ಲಿ ರಾಜಕಾರಣಿಯಾದ ಎಂಬ ನಂಬಿಕೆ. ಐರ್ಲೆಂಡಿನ ಅರ್ಲ್ ಮನೆತನದ ಈ ಹುಡುಗ 1790ರಲ್ಲೇ, ಒಂದು ಯುದ್ಧವನ್ನೂ ನೋಡುವ ಮೊದಲೇ, ಮನೆತನದ ಹಿಡಿತದಲ್ಲಿದ್ದ ಟ್ರಿಮ್ ಕ್ಷೇತ್ರದಿಂದ ಐರಿಷ್ ಸಂಸತ್ತಿಗೆ ಹೋಗಿದ್ದ. 1793ರಲ್ಲಿ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಂಡದ್ದು ಅಣ್ಣನಲ್ಲಿ ಸಾಲ ಮಾಡಿದ ಹಣದಿಂದ. 1828ರಲ್ಲಿ ಪ್ರಧಾನಿಯಾಗಿ, ಮರುವರ್ಷ ಕ್ಯಾಥೊಲಿಕ್ಕರಿಗೆ ಸಂಸತ್ತಿನ ಬಾಗಿಲು ತೆರೆದ. ಅದನ್ನು ಹೀಗಳೆದ ವಿಂಚಿಲ್ಸಿಯ ಅರ್ಲ್ ಜೊತೆ ಪ್ರಧಾನಿಯಾಗಿದ್ದುಕೊಂಡೇ ಪಿಸ್ತೂಲು ಹಿಡಿದು ದ್ವಂದ್ವಕ್ಕೂ ನಿಂತ. ಮತದಾನದ ಹಕ್ಕಿನ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. 1830ರ ನವೆಂಬರ್ 2ರಂದು, ಸಂಸತ್ತಿಗೆ ಯಾವ ಸುಧಾರಣೆಯೂ ಬೇಕಿಲ್ಲವೆಂದು ಸದನದಲ್ಲಿ ಸಾರಿದ. ಹಗಲಲ್ಲಿ ನೆಲ ನೋಡದೆ ಹೆಜ್ಜೆಯಿಡುವುದಿಲ್ಲವೆಂದು ನಿಶ್ಚಯಿಸಿದ್ದವನು ಜನರ ಮನಸ್ಸನ್ನು ನೋಡದೆ ಆಡಿದ ಮಾತು ಅದು. ಎರಡೇ ವಾರದಲ್ಲಿ ಅವನ ಸರ್ಕಾರ ಬಿತ್ತು.