ಹೊಲದ ಹೊಗೆ, ಉಸಿರಿನ ಲೆಕ್ಕ

ಬಂಡೀಪುರದ ಕಾಡು 2019ರ ಫೆಬ್ರುವರಿಯಲ್ಲಿ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಆ ಬೆಂಕಿಯನ್ನು ಇಡೀ ನಾಡು ಕಂಡಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಬೆಂಕಿ ಆ ಬಗೆಯದಲ್ಲ. ಗೋವಿನಜೋಳದ ತೆನೆ ಮುರಿದ ಮೇಲೆ ಹೊಲದಲ್ಲಿ ಉಳಿಯುವ ದಂಟು, ಹತ್ತಿ ಬಿಡಿಸಿ ಮುಗಿದ ಮೇಲಿನ ಕಟ್ಟಿಗೆ, ಬದುವಿನ ಒಣಹುಲ್ಲು, ಹೆದ್ದಾರಿ ಬದಿಯ ಕಸ, ಎಲ್ಲೋ ಒಂದು ಮೇವಿನ ಬಣವಿ, ಬೇಸಿಗೆಯಲ್ಲಿ ಗುಡ್ಡದ ಮೈಮೇಲಿನ ಹುಲ್ಲು. ಒಂದೊಂದೂ ತಾಸೆರಡು ತಾಸಿನಲ್ಲಿ ಉರಿದು ಆರುತ್ತದೆ, ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯೂ ಆಗುವುದಿಲ್ಲ. ಹೀಗಾಗಿಯೇ ಬೆಂಕಿ ಸಣ್ಣದಾದರೆ ಹೊಗೆಯೂ ಸಣ್ಣದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆ ನಂಬಿಕೆ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಬರಹ. ಹೊಗೆಯ ಕೇಡನ್ನು ಅಳೆಯಬೇಕಾದದ್ದು ಬೆಂಕಿಯ ಗಾತ್ರದಿಂದಲ್ಲ. ಅದಕ್ಕೆ ಎಷ್ಟು ಹತ್ತಿರದಲ್ಲಿ, ಎಷ್ಟು ಹೊತ್ತು, ಎಷ್ಟು ಜೋರಾಗಿ ಉಸಿರಾಡಿದೆವು, ಉಸಿರಾಡಿದವರ ಎದೆ ಎಂಥದು ಎಂಬುದರಿಂದ ಅಳೆಯಬೇಕು. ಈ ಲೆಕ್ಕ ಒಪ್ಪಿದರೆ, ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂರಲಾಗದ ಕೂಲಿಯವರಿಗೂ ತಮ್ಮನ್ನು ಕಾಪಾಡಿಕೊಳ್ಳುವ ದಾರಿ ಕಾಣುತ್ತದೆ.

ಒಣ ದಂಟು ಉರಿದಾಗ ಕಣ್ಣಿಗೆ ಕಾಣುವುದು ಬೂದಿ ಮತ್ತು ಕರಿ. ಇವು ದಪ್ಪ ಕಣಗಳು, ಹೆಚ್ಚಿನವು ಮೂಗು ಗಂಟಲಲ್ಲೇ ನಿಲ್ಲುತ್ತವೆ. ಕೇಡು ಮಾಡುವುದು ಕಣ್ಣಿಗೆ ಕಾಣದ ಕಣ. ಪಿಎಂ 2.5 ಎಂದು ಕರೆಯುವ ಈ ಕಣದ ಅಡ್ಡಗಲ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿಗಿಂತಲೂ ಸಣ್ಣದು. ಇದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಹೋಗುತ್ತದೆ, ಅದರಲ್ಲಿ ತೀರ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಆದ್ದರಿಂದಲೇ ಹೊಗೆಯ ದಿನಗಳಲ್ಲಿ ಅಸ್ತಮಾದವರಷ್ಟೇ ಅಲ್ಲ, ಹೃದಯದ ಕಾಯಿಲೆಯವರೂ ಆಸ್ಪತ್ರೆ ಸೇರುತ್ತಾರೆ. ಆಸ್ಟ್ರೇಲಿಯಾದಲ್ಲಿ 2019-20ರ ಬೇಸಿಗೆಯ ಕಾಳ್ಗಿಚ್ಚು ನೇರವಾಗಿ 33 ಜನರನ್ನು ಬಲಿ ತೆಗೆದುಕೊಂಡಿತು. ಅದರ ಹೊಗೆಯಿಂದ ಸತ್ತವರು 417 ಜನ ಎಂದು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಉರಿ ಮುಟ್ಟದ ಊರುಗಳಲ್ಲಿ, ಉರಿಯನ್ನು ಕಣ್ಣಿಂದ ನೋಡದ ಜನ ಸತ್ತರು. ಬ್ಯಾಡಗಿಯವರಿಗೆ ಇದನ್ನು ಬೇರೆ ರೀತಿಯಲ್ಲೂ ಹೇಳಬೇಕು. ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದ ಕೂಡಲೇ ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಮನುಷ್ಯ ತಾನಾಗಿಯೇ ದೂರ ಸರಿಯುತ್ತಾನೆ. ಹಾಗಾಗಿ ಘಾಟಿಲ್ಲದ ಗಾಳಿ ಒಳ್ಳೆಯ ಗಾಳಿ ಎಂದು ದೇಹ ಕಲಿತುಬಿಟ್ಟಿರುತ್ತದೆ. ಹೊಲದ ಹೊಗೆ ದೂರದಿಂದ ಬಂದು ಮಂಜಿನಂತೆ ಹರಡಿ ನಿಂತಾಗ ಅದರಲ್ಲಿ ಘಾಟು ಅಷ್ಟಾಗಿ ಉಳಿದಿರುವುದಿಲ್ಲ, ಸಣ್ಣ ಕಣ ಮಾತ್ರ ಉಳಿದಿರುತ್ತದೆ. ದಿನವಿಡೀ ಮೆಣಸಿನಕಾಯಿ ತುಂಬು ಬಿಡಿಸಿ, ಚೀಲ ಹೊತ್ತು, ಆಗಲೇ ಕೆರಳಿರುವ ಗಂಟಲಿನೊಡನೆ ಮನೆಗೆ ಬರುವ ಹೆಣ್ಣುಮಕ್ಕಳಿಗೂ ಹಮಾಲರಿಗೂ ಸಂಜೆಯ ಈ ಹೊಗೆ ಎರಡನೇ ಪೆಟ್ಟು.

ಸಂಜೆ ಎಂಬುದು ಇಲ್ಲಿ ಮುಖ್ಯ. ಸುಗ್ಗಿ ಮುಗಿಯುವ ಚಳಿಗಾಲದಲ್ಲಿ ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ಹತ್ತಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಕೂರುತ್ತದೆ. ಹಗಲಿನಲ್ಲಿ ಮೇಲೇರಿ ಚದುರಿ ಹೋಗುತ್ತಿದ್ದ ಹೊಗೆ ಈಗ ಮೇಲೆ ಹೋಗಲಾರದೆ ಊರಿನ ಎತ್ತರದಲ್ಲೇ ಹರಡಿ, ಬೆಳಗಿನ ಬಿಸಿಲು ಏರುವವರೆಗೆ ನಿಲ್ಲುತ್ತದೆ. ಹೊಲದ ಕೆಲಸ ಮುಗಿಸಿ ಮನೆಗೆ ಹೊರಡುವ ಮುನ್ನ ಕಡ್ಡಿ ಗೀರುವ ರೂಢಿ ಇರುವಲ್ಲಿ, ಊರು ಅತ್ಯಂತ ಕಡಿಮೆ ಗಾಳಿಯಲ್ಲಿ ಅತ್ಯಂತ ಹೆಚ್ಚು ಹೊಗೆ ಕುಡಿಯುತ್ತದೆ. ಇದನ್ನು ಅಳೆಯುವ ಯಂತ್ರ ಹಾವೇರಿಯಲ್ಲಿದೆ. ಇಜಾರಿ ಲಕಮಾಪುರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದ್ದು, ಅದರ ಅಂಕಿಗಳನ್ನು ಕೇಂದ್ರ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಅಲ್ಲಿ ದೊಡ್ಡದಾಗಿ ಕಾಣುವ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕದ ಸಂಖ್ಯೆ, ಹಿಂದಿನ 24 ಗಂಟೆಗಳ ಸರಾಸರಿಯ ಮೇಲೆ ನಿಂತದ್ದು. ಒಂದು ಲೆಕ್ಕ ಹಾಕಿ ನೋಡೋಣ. ಸಂಜೆಯ ಎರಡು ಗಂಟೆ ಪಿಎಂ 2.5 ಪ್ರತಿ ಘನ ಮೀಟರಿಗೆ 500 ಮೈಕ್ರೋಗ್ರಾಂ ಇತ್ತು, ಉಳಿದ 22 ಗಂಟೆ 25 ಇತ್ತು ಎಂದುಕೊಳ್ಳಿ. ಸರಾಸರಿ ಸುಮಾರು 65 ಬರುತ್ತದೆ. ಭಾರತದ ಸೂಚ್ಯಂಕದಲ್ಲಿ ಅದು 'ಮಧ್ಯಮ' ದರ್ಜೆ. ಆ ಎರಡು ಗಂಟೆ ಹೊರಗಿದ್ದ ಅಸ್ತಮಾ ರೋಗಿಗೆ ಅದು ಮಧ್ಯಮವಾಗಿರಲಿಲ್ಲ. ಆದ್ದರಿಂದ ಆ್ಯಪ್ ನೋಡುವವರು ಪ್ರತಿ ಗಂಟೆಯ ಅಂಕಿಯನ್ನೇ ನೋಡಬೇಕು. ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ರಾಣೆಬೆನ್ನೂರಿನ ಹೊಲದಂಚಿನ ಸಂಗತಿಯನ್ನು ಹಾವೇರಿಯ ಯಂತ್ರ ಹೇಳಲಾರದು ಎಂಬುದೂ ನೆನಪಿರಲಿ. ಅಲ್ಲಿ ಕಣ್ಣೇ ಯಂತ್ರ. ದಿನವೂ ಕಾಣುವ ಗುಡ್ಡ, ಗುಡಿಯ ಶಿಖರ, ನೀರಿನ ಟಾಕಿ ಇಂದು ಮಬ್ಬಾಗಿ ಕಂಡರೆ, ಅದು ಮಂಜಲ್ಲವೆಂದು ಗೊತ್ತಾದರೆ, ಅಷ್ಟು ಸಾಕು.

ಹುಲ್ಲುಗಾವಲಿನ ಬೆಂಕಿಯ ಮಾತು ಸ್ವಲ್ಪ ಬೇರೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಹರವಿನ ಒಣಭೂಮಿ, 1974ರಲ್ಲಿ ಘೋಷಣೆಯಾದದ್ದು. ಜಿಂಕೆಗಳಿಗೆ ಬೇಕಾಗಿದ್ದ ಬಯಲಿನಲ್ಲಿ ದಶಕಗಳ ಕಾಲ ನೀಲಗಿರಿ ನೆಟ್ಟರು. ನೀಲಗಿರಿಯ ಎಲೆಯಲ್ಲಿ ಎಣ್ಣೆ ಇದೆ, ಉದುರಿದ ಎಲೆಯ ಹಾಸು ಬೇಸಿಗೆಯಲ್ಲಿ ಸುಲಭವಾಗಿ ಹೊತ್ತುತ್ತದೆ. ಈ ಸೀಮೆಯ ಜನ ನೀಲಗಿರಿಯನ್ನು ಪ್ರಶ್ನಿಸದೆ ಬಿಟ್ಟವರಲ್ಲ: 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯ ನಡೆಸಿದ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹದಲ್ಲಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಅವರ ಚಿಂತೆ ಮೇವು, ಸೌದೆ ಮತ್ತು ನೀರಿನದಾಗಿತ್ತು. ಇಂದು ಅದಕ್ಕೆ ಉಸಿರಿನ ಚಿಂತೆಯನ್ನೂ ಸೇರಿಸಬಹುದು. ಇಂಥ ಬೆಂಕಿಯನ್ನು ಉಪಗ್ರಹ ಪತ್ತೆ ಹಚ್ಚುತ್ತದೆ, ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಎಚ್ಚರಿಕೆಯನ್ನೂ ಕಳಿಸುತ್ತದೆ. ಆದರೆ ಮುಖ್ಯವಾಗಿ ಬಳಸುವ ಉಪಗ್ರಹಗಳಲ್ಲೊಂದು ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಮತ್ತು ನಡುರಾತ್ರಿಯ ಒಂದೂವರೆಯ ಸುಮಾರಿಗೆ. ಸಂಜೆ ಆರಕ್ಕೆ ಹೊತ್ತಿ ಎಂಟಕ್ಕೆ ಆರಿದ ಹೊಲದ ಬೆಂಕಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ನಕ್ಷೆಯಲ್ಲಿ ಕೆಂಪು ಚುಕ್ಕೆ ಇಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ.

ಹಾಗಾದರೆ ಮಾಡುವುದೇನು? ಹೊರದೇಶಗಳ ಸಲಹೆ ಸಾಮಾನ್ಯವಾಗಿ ಒಂದೇ: ಮನೆಯೊಳಗಿರಿ, ಕಿಟಕಿ ಮುಚ್ಚಿ, ಗಾಳಿ ಶೋಧಿಸುವ ಯಂತ್ರ ಹಾಕಿ. ಕೂಲಿ ತಪ್ಪಿದರೆ ಅಂದಿನ ಊಟವೇ ತಪ್ಪುವವರಿಗೆ ಈ ಸಲಹೆ ಹೇಳಿ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಉಸಿರಿನ ಲೆಕ್ಕ. ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಚೀಲ ಹೊರುವಾಗ, ಗುದ್ದಲಿ ಹಿಡಿದಾಗ ಅದು 40 ಲೀಟರಿಗೂ ಏರಬಹುದು. ಹೊಗೆಯಲ್ಲಿ ಅರ್ಧ ತಾಸು ದುಡಿಯುವುದು ಅದೇ ಹೊಗೆಯಲ್ಲಿ ಎರಡೂವರೆ ತಾಸು ಕೂರುವುದಕ್ಕೆ ಸಮ. ಆದ್ದರಿಂದ ಹೊಗೆ ನಿಂತಿರುವಾಗ ಕೆಲಸ ನಿಲ್ಲಿಸಲಾಗದಿದ್ದರೂ ಭಾರದ ಕೆಲಸವನ್ನು ಬಿಸಿಲು ಏರಿ ಹೊಗೆ ಚದುರಿದ ಮೇಲಕ್ಕೆ ದೂಡಿ, ಕೂತು ಮಾಡುವ ಕೆಲಸವನ್ನು ಮೊದಲು ಮಾಡಿದರೆ ಒಳಗೆ ಹೋಗುವ ಹೊಗೆ ಎಷ್ಟೋ ಇಳಿಯುತ್ತದೆ. ಬೆಂಕಿಯ ಮೇಲುಗಾಳಿಯ ಕಡೆ ನಿಲ್ಲುವುದು, ಬೆಂಕಿಯಿಂದ ನೂರಾರು ಹೆಜ್ಜೆ ದೂರ ಸರಿಯುವುದು, ಇವಕ್ಕೆ ದುಡ್ಡು ಬೇಕಿಲ್ಲ. ಇನ್ನು ಮುಖಕ್ಕೆ ಸುತ್ತಿಕೊಳ್ಳುವ ಟವೆಲ್, ಸೆರಗು, ಒದ್ದೆ ಬಟ್ಟೆ: ಇವು ಬೂದಿಯನ್ನು ತಡೆಯುತ್ತವೆ, ಸಣ್ಣ ಕಣವನ್ನು ತಡೆಯುವುದಿಲ್ಲ. ತಡೆದಂತೆ ಅನಿಸುವುದೇ ಇವುಗಳ ತೊಂದರೆ, ಏಕೆಂದರೆ ಧೈರ್ಯ ಬಂದು ಇನ್ನಷ್ಟು ಹೊತ್ತು ಹೊಗೆಯಲ್ಲಿ ನಿಲ್ಲುತ್ತೇವೆ. ಎನ್95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಮಾಸ್ಕ್ ಮಾತ್ರ ನಿಜವಾದ ರಕ್ಷಣೆ, ಅದೂ ಮೂಗಿನ ಮೇಲಿನ ಪಟ್ಟಿಯನ್ನು ಒತ್ತಿ ಕೆನ್ನೆಗೆ ಸಂದಿಲ್ಲದಂತೆ ಕೂರಿಸಿದಾಗ. ದಪ್ಪ ಗಡ್ಡವಿದ್ದರೆ ಅದು ಕೂರುವುದಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಮಾಸ್ಕ್ ಹಾಕಲೇಬಾರದು. ಮಗುವನ್ನು ಹೊಗೆಯಿಂದ ದೂರ ಒಯ್ಯುವುದೊಂದೇ ದಾರಿ.

ಮನೆಯೊಳಗಿರುವವರ ಪ್ರಶ್ನೆ ಬೇರೆ. ಹಂಚಿನ ಮನೆಯ ಮಾಡಿನಲ್ಲೇ ಸಂದಿಗಳಿವೆ, ಕಿಟಕಿ ಮುಚ್ಚಿ ಏನು ಬಂತು ಎಂದು ಕೇಳುವವರ ಮಾತಿನಲ್ಲಿ ಅರ್ಧ ನಿಜವಿದೆ. ಇಡೀ ಮನೆಯನ್ನು ಮುಚ್ಚಲಾಗದು, ಒಂದು ಕೋಣೆಯನ್ನು ಮುಚ್ಚಬಹುದು. ತಾರಸಿ ಇರುವ, ಅಡುಗೆಮನೆಯಿಂದ ದೂರದ ಕೋಣೆಯನ್ನು ಆರಿಸಿ, ಬಾಗಿಲಡಿಗೆ ಬಟ್ಟೆ ತುರುಕಿ, ಹೊಗೆ ನಿಂತಿರುವ ಅಷ್ಟು ಹೊತ್ತು ಎದೆ ಸೋತವರನ್ನೂ ಬಸುರಿಯರನ್ನೂ ಕೂಸುಗಳನ್ನೂ ಅಲ್ಲಿರಿಸಬೇಕು. ಆ ಕೋಣೆಯಲ್ಲಿ ಬೇರೆ ಏನನ್ನೂ ಹೊತ್ತಿಸಬಾರದು. ಒಂದು ಸೊಳ್ಳೆ ಬತ್ತಿ 75ರಿಂದ 137 ಸಿಗರೇಟುಗಳಷ್ಟು ಸಣ್ಣ ಕಣ ಬಿಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊರಗಿನ ಹೊಗೆಗೆ ಬಾಗಿಲು ಹಾಕಿ ಒಳಗೆ ಬತ್ತಿ ಹಚ್ಚಿದರೆ ಬಾಗಿಲು ಹಾಕದಿರುವುದೇ ಮೇಲು. ಚಳಿ ಕಾಯಿಸಲು ಇದ್ದಿಲ ಕೆಂಡವನ್ನು ಮುಚ್ಚಿದ ಕೋಣೆಗೆ ತಂದರಂತೂ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಏಪ್ರಿಲ್ ಸೆಕೆಯಲ್ಲಿ ಕೋಣೆ ಮುಚ್ಚಿ ಮುದುಕರನ್ನು ಕೂರಿಸುವುದೂ ಅಪಾಯವೇ. ಸೆಕೆ ತಾಳಲಾರದಂತಾದರೆ ಹೊಗೆ ಬಾರದ ಕಡೆಯ ನೆಂಟರ ಮನೆಗೆ ಕಳಿಸುವುದು ಲೇಸು. ಹೊಗೆ ಚದುರಿದ ಕೂಡಲೇ ಕಿಟಕಿಗಳನ್ನೆಲ್ಲ ತೆರೆಯಬೇಕು. ಅಸ್ತಮಾದವರ ಪಂಪ್ ಕೈಗೆಟಕುವಲ್ಲಿರಲಿ. ಮಾತು ಮುಗಿಸಲಾಗದಷ್ಟು ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಗಲಿಬಿಲಿ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು, ಬೆಳಗಾಗಲಿ ಎಂದು ಕಾಯಬಾರದು.

ನಮ್ಮ ಅಜ್ಜಿಯರು ಒಲೆ ಊದುತ್ತಲೇ ಎಂಬತ್ತು ವರ್ಷ ಬಾಳಿದರಲ್ಲ ಎಂಬ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಬಾಳಿದವರು ನಮ್ಮ ನೆನಪಿನಲ್ಲಿದ್ದಾರೆ, ದಮ್ಮು ಹತ್ತಿ ಐವತ್ತಕ್ಕೇ ಹೋದವರನ್ನು ಒಲೆಯ ಲೆಕ್ಕಕ್ಕೆ ಯಾರೂ ಬರೆದಿಡಲಿಲ್ಲ. ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಭಾರತೀಯ ವಿಜ್ಞಾನಿಗಳ ಅಧ್ಯಯನದ ಅಂದಾಜಿನಂತೆ 2019ರಲ್ಲಿ ದೇಶದಲ್ಲಿ ಕೆಟ್ಟ ಗಾಳಿಯಿಂದ ಸತ್ತವರು 16.7 ಲಕ್ಷ, ಅದರಲ್ಲಿ ಮನೆಯೊಳಗಿನ ಹೊಗೆಯ ಪಾಲೇ ಸುಮಾರು 6 ಲಕ್ಷ. ಶ್ವಾಸಕೋಶ ಹೊಗೆಗೆ ಒಗ್ಗಿಕೊಳ್ಳುವುದಿಲ್ಲ. ಒಗ್ಗಿದಂತೆ ಕಾಣುವುದು ಮೂಗು ಮಾತ್ರ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರೈತನದು, ಅದಕ್ಕೆ ಪೂರ್ತಿ ಉತ್ತರ ಕೊಡಲೇಬೇಕು. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ, ಹಿಂಗಾರಿಗೆ ಹೊಲ ಹಸನಾಗಬೇಕು, ಕಡ್ಡಿಪೆಟ್ಟಿಗೆಗಿಂತ ಅಗ್ಗದ ಉಪಾಯವಿಲ್ಲ. ಇದು ಸೋಮಾರಿಯ ಮಾತಲ್ಲ, ಸಾಲದಲ್ಲಿರುವವನ ಮಾತು, ದಂಡದ ಬೆದರಿಕೆಯೊಂದರಿಂದಲೇ ಅವನ ಬಾಯಿ ಮುಚ್ಚಿಸುವುದು ನ್ಯಾಯವೂ ಅಲ್ಲ. ಆದರೆ ಅಗ್ಗ ಎಂಬ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಭತ್ತದ ಹುಲ್ಲಿನ ಮೇಲಿನ ಅಧ್ಯಯನಗಳ ಪ್ರಕಾರ ಸುಟ್ಟಾಗ ಅದರಲ್ಲಿರುವ ಸಾರಜನಕದ ಶೇ 80ಕ್ಕೂ ಹೆಚ್ಚು ಪಾಲು ಗಾಳಿಗೆ ಹೋಗುತ್ತದೆ, ರಂಜಕದ ಕಾಲು ಭಾಗ ಹೋಗುತ್ತದೆ. ಗೋವಿನಜೋಳದ ದಂಟಿನ ಲೆಕ್ಕದಲ್ಲೂ ಸುಟ್ಟು ಕಳೆದ ಸಾರಜನಕವನ್ನು ಮುಂದಿನ ಬೆಳೆಗೆ ಯೂರಿಯಾ ಚೀಲವಾಗಿ ಕೊಂಡು ತರಬೇಕಾಗುತ್ತದೆ. ದಂಟನ್ನು ಕತ್ತರಿಸಿ ಮಣ್ಣಿಗೆ ಸೇರಿಸುವ ರೋಟಾವೇಟರ್, ಪುಡಿ ಮಾಡುವ ಯಂತ್ರ ಬಾಡಿಗೆಗೆ ಕೊಡಲೆಂದೇ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಸರ್ಕಾರ ತೆರೆಯಿತು, ಸಲಹೆಗೆ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಸುಗ್ಗಿ ಮುಗಿಯುವ ಆ ಎರಡು ಮೂರು ವಾರಗಳಲ್ಲಿ ಯಂತ್ರ ಸಣ್ಣ ಹಿಡುವಳಿಯವನ ಹೊಲಕ್ಕೆ ಬಂದು ತಲುಪಬೇಕು. ಅದು ಸರ್ಕಾರದ ಹೊಣೆ. ಯಂತ್ರ ಬಾರದೆ ರೈತ ಸುಡುವುದೇ ಆದರೆ, ಇಬ್ಬನಿ ಆರಿದ ಮೇಲೆ ಗಾಳಿ ಬಿರುಸಾಗುವ ಮುನ್ನ, ಸುತ್ತ ಮಣ್ಣಿನ ಗೆರೆ ತೆಗೆದು, ನೀರೂ ನಾಲ್ಕು ಜನರೂ ಜೊತೆಗಿರುವಾಗ, ಸ್ವಲ್ಪ ಸ್ವಲ್ಪವೇ ಸುಡಲಿ. ಸಂಜೆ ಮಾತ್ರ ಬೇಡ. ಹೆದ್ದಾರಿ ಪಕ್ಕದ ಹೊಲದಲ್ಲಂತೂ ಯಾವ ಹೊತ್ತಿನಲ್ಲೂ ಬೇಡ: 48ನೇ ಹೆದ್ದಾರಿಯಲ್ಲಿ ವೇಗವಾಗಿ ಬರುವ ಲಾರಿಯವನಿಗೆ ಹೊಗೆಯ ಗೋಡೆ ಎದುರಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ದಂಟು ಹುಲ್ಲಿನ ಹೊಗೆಗಿಂತ ಕೆಟ್ಟದ್ದು ಪ್ಲಾಸ್ಟಿಕ್, ಟೈರು, ರಾಸಾಯನಿಕಗಳ ಹೊಗೆ. ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮು 2023ರ ಆಗಸ್ಟ್ 29ರಂದು ಹೊತ್ತಿದಾಗ, 2024ರ ಮಾರ್ಚ್ 11ರಂದು ಬೆಲೆ ಕುಸಿತದ ಸಿಟ್ಟಿನಲ್ಲಿ ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದಾಗ ಎದ್ದದ್ದು ಇಂಥ ಹೊಗೆ. ಇದಕ್ಕೆ ಎನ್95 ಕೂಡ ಸಾಲದು, ಅದು ಕಣವನ್ನು ತಡೆಯುತ್ತದೆ, ವಿಷಾನಿಲವನ್ನಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲದೆ ದೂರ ಹೋಗುವುದೊಂದೇ ಉಪಾಯ.

ಪ್ರತಿ ಹಳ್ಳಿಯಲ್ಲಿ ದಮ್ಮಿನ ರೋಗಿಗಳು ಯಾರು, ಬಸುರಿಯರು ಯಾರು, ಹೃದಯದ ಔಷಧ ತೆಗೆದುಕೊಳ್ಳುವವರು ಯಾರು ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಯಾವ ಹೊಲ ಯಾವಾಗ ಕೊಯ್ಲಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಇವೆರಡನ್ನೂ ಒಂದೆಡೆ ತರುವ ಕೆಲಸವನ್ನು ಗ್ರಾಮ ಪಂಚಾಯಿತಿಗಳು ಈ ಸಲದ ಗೋವಿನಜೋಳದ ಸುಗ್ಗಿಗೆ ಮುಂಚೆಯೇ ಮಾಡಲಿ. ಒಂದಿಷ್ಟು ಎನ್95 ಮಾಸ್ಕ್ ತಂದಿರಿಸಿಕೊಳ್ಳಲಿ, ಸುಡುವವರು ಒಂದು ದಿನ ಮೊದಲು ತಿಳಿಸಬೇಕೆಂದು ಡಂಗುರ ಸಾರಲಿ. ಹೊಲದ ಧಣಿಗಳಲ್ಲಿ ಒಂದು ಕೇಳಿಕೆ: ಕಡ್ಡಿ ಗೀರುವ ಮುನ್ನ ಗಾಳಿ ಯಾರ ಮನೆಯ ಕಡೆ ಬೀಸುತ್ತಿದೆ ಎಂದು ನೋಡಿ, ಆ ಮನೆಯವರಿಗೆ ಒಂದು ಫೋನ್ ಮಾಡಿ.